ಗಿಡದ ಹಳೆಯ ಹೆಸರುಗಳನ್ನೂ ಸೇರಿಸಿ ಹುಡುಕಿ

ಸಸ್ಯವಿಜ್ಞಾನದ ಸಂಶೋಧಕರು ಬರುವ ಗ್ರಂಥಾಲಯದಲ್ಲಿ ನನ್ನ ಕೆಲಸ. ಇಲ್ಲಿ ನಾನು ಜಾಸ್ತಿ ಕೇಳುವ ಮಾತು ಒಂದೇ: “ಮೇಡಂ, ನನ್ನ ವಿಷಯದ ಮೇಲೆ ಪೇಪರ್‌ಗಳೇ ಇಲ್ಲ.” ಬಹಳ ಸಲ ಪೇಪರ್ ಇರುತ್ತದೆ, ಆದರೆ ಬೇರೆ ಹೆಸರಿನಲ್ಲಿ.

ಟೊಮೆಟೊವನ್ನೇ ನೋಡಿ. 1753ರಲ್ಲಿ ಲಿನಿಯಸ್ ಅದನ್ನು ಸೊಲಾನಮ್ ಲೈಕೊಪರ್ಸಿಕಮ್ ಎಂದು ಕರೆದ. 1768ರಲ್ಲಿ ಫಿಲಿಪ್ ಮಿಲ್ಲರ್ ಬೇರೆ ಕುಲಕ್ಕೆ ಸೇರಿಸಿ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಎಂದ. ಇಪ್ಪತ್ತನೇ ಶತಮಾನದ ಬಹುಪಾಲು ಸಂಶೋಧನೆ ಅಚ್ಚಾಗಿದ್ದು ಈ ಎರಡನೇ ಹೆಸರಿನಲ್ಲಿ. ಡಿಎನ್‌ಎ ಪುರಾವೆ ಸಿಕ್ಕ ಮೇಲೆ ಲಿನಿಯಸ್ ಕೊಟ್ಟ ಹೆಸರೇ ಮತ್ತೆ ಬಳಕೆಗೆ ಬಂತು. ಈಗಿನ ಹೆಸರೊಂದನ್ನೇ ಹಾಕಿ ಹುಡುಕಿದರೆ ಹಳೆಯ ಪ್ರಯೋಗಗಳಲ್ಲಿ ಎಷ್ಟೋ ತಪ್ಪಿಹೋಗುತ್ತವೆ. ಹೆಸರುಕಾಳೂ ಹೀಗೆಯೇ. ಈಗ ವಿಗ್ನಾ ರೇಡಿಯೇಟಾ, ಮೊದಲು ಫೇಸಿಯೋಲಸ್ ಆರಿಯಸ್.

ಹಾಗಾಗಿ ಯಾರೇ ಬಂದರೂ ಮೊದಲು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ ಜಾಲತಾಣ ತೆರೆಯಲು ಹೇಳುತ್ತೇನೆ. ಈಗ ಒಪ್ಪಿತವಾದ ಹೆಸರು, ಹಿಂದೆ ಬಳಕೆಯಲ್ಲಿದ್ದ ಪರ್ಯಾಯ ಹೆಸರುಗಳು, ಎರಡೂ ಅಲ್ಲಿ ಸಿಗುತ್ತವೆ. ಹುಡುಕುವಾಗ ಅವನ್ನು ಮತ್ತು ಇಂಗ್ಲಿಷಿನ ಸಾಮಾನ್ಯ ಹೆಸರನ್ನು ನಡುವೆ ‘ಆರ್’ (OR, ಅಂದರೆ ಯಾವುದಾದರೂ ಒಂದಿದ್ದರೆ ಸಾಕು) ಹಾಕಿ ಒಂದೇ ಆವರಣದೊಳಗೆ ಇಡಬೇಕು. ಬರ ತಡೆಯುವ ಗುಣದ ಬಗ್ಗೆ ಬೇಕಿದ್ದರೆ ‘ಡ್ರಾಟ್’ ಒಂದೇ ಸಾಲದು. ‘ವಾಟರ್ ಸ್ಟ್ರೆಸ್’, ‘ವಾಟರ್ ಡೆಫಿಸಿಟ್’ ಎಂದು ಬರೆದವರೂ ಇದ್ದಾರಲ್ವಾ? ಅವೆಲ್ಲ ಎರಡನೇ ಆವರಣದಲ್ಲಿ. ಎರಡು ಆವರಣಗಳ ನಡುವೆ ‘ಆಂಡ್’ (AND, ಅಂದರೆ ಎರಡೂ ಇರಬೇಕು). ‘ಜರ್ಮಿನೇಟ್’ ಪದದ ಕೊನೆಯ ‘ಇ’ ತೆಗೆದು ನಕ್ಷತ್ರ ಚಿಹ್ನೆ ಹಾಕಿದರೆ ಜರ್ಮಿನೇಷನ್, ಜರ್ಮಿನೇಟಿಂಗ್ ಎಲ್ಲವೂ ಸಿಗುತ್ತವೆ. ಬೇಡದ ಪದವಿರುವ ಪೇಪರ್‌ಗಳನ್ನು ಬಿಡಿಸುವ ‘ನಾಟ್’ (NOT) ಮಾತ್ರ ಹುಷಾರಾಗಿ ಬಳಸಿ. ನಿಮಗೆ ಬೇಕಾದ ಪೇಪರಿನಲ್ಲಿ ಆ ಪದ ಒಂದು ಕಡೆ ಬಂದಿದ್ದರೂ ಸಾಕು, ಅದು ಪಟ್ಟಿಯಿಂದ ಹೊರಗೆ ಹೋಗುತ್ತದೆ.

ಎಲ್ಲಿ ಹುಡುಕಬೇಕು ಅನ್ನುವುದೂ ಅಷ್ಟೇ ಮುಖ್ಯ. ಗೂಗಲ್ ಸ್ಕಾಲರ್ ಒಳ್ಳೆಯ ಆರಂಭ. ಆದರೆ ಅದು ಲಕ್ಷ ಫಲಿತಾಂಶ ಇದೆ ಎಂದರೂ ತೋರಿಸುವುದು ಮೊದಲ 1000 ಮಾತ್ರ. ಪಬ್‌ಮೆಡ್ ವೈದ್ಯವಿಜ್ಞಾನಕ್ಕಾಗಿ ಕಟ್ಟಿದ್ದು. ಗಿಡಗಳ ಜೀನ್ ಬಗ್ಗೆ ಅಲ್ಲಿ ಬೇಕಾದಷ್ಟು ಸಿಗುತ್ತದೆ, ಹೊಲದ ಪ್ರಯೋಗಗಳು ಅಷ್ಟಾಗಿ ಸಿಗುವುದಿಲ್ಲ. ಬೆಳೆ, ಮಣ್ಣು, ರೋಗ, ಕೀಟದ ವಿಷಯಕ್ಕೆ ನಾನು ಮೊದಲು ಹೋಗುವುದು ಸಿಎಬಿ ಆಬ್‌ಸ್ಟ್ರಾಕ್ಟ್ಸ್ ಎಂಬ ಕೃಷಿ ಡೇಟಾಬೇಸ್‌ಗೆ. ಅದಕ್ಕೆ ಗ್ರಂಥಾಲಯದ ಚಂದಾ ಬೇಕು. ಚಂದಾ ಇಲ್ಲದವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಗ್ರಿಸ್, ಅಮೆರಿಕದ ರಾಷ್ಟ್ರೀಯ ಕೃಷಿ ಗ್ರಂಥಾಲಯದ ಅಗ್ರಿಕೋಲಾ ಇವೆ. ಎರಡೂ ಉಚಿತ. ಒಂದು ಸಸ್ಯವನ್ನು ಮೊದಲ ಸಲ ವರ್ಣಿಸಿದ ಹಳೆಯ ಪುಸ್ತಕ ಬೇಕಾದರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ನೋಡಿ. ಅದರ ಸ್ಕ್ಯಾನ್ ಪುಟಗಳನ್ನು ಯಾರು ಬೇಕಾದರೂ ಓದಬಹುದು. ಇದು ನನಗೆ ತುಂಬಾ ಇಷ್ಟದ ಜಾಗ.

ಈ ಕೃಷಿ ಡೇಟಾಬೇಸ್‌ಗಳಲ್ಲಿ ಇನ್ನೊಂದು ಅನುಕೂಲವಿದೆ, ಸುಮಾರು ಜನ ಅದನ್ನು ಮುಟ್ಟುವುದೇ ಇಲ್ಲ. ಪೇಪರ್‌ಗಳಿಗೆ ನಿಗದಿತ ವಿಷಯಪದಗಳನ್ನು ಹಚ್ಚಿರುತ್ತಾರೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದವು ಒಂದೇ ಪದದ ಕೆಳಗೆ ಬರಲಿ ಎಂಬುದು ಇದರ ಉದ್ದೇಶ. ಆಗ್ರಿಸ್‌ಗೆ ಅಗ್ರೋವಾಕ್ ಎಂಬ ಪದಕೋಶ ಇದೆ, ಸಿಎಬಿಗೆ ತನ್ನದೇ ಥಿಸಾರಸ್ ಇದೆ. ಒಂದು ಒಳ್ಳೆಯ ಪೇಪರ್ ಸಿಕ್ಕ ತಕ್ಷಣ ಅದಕ್ಕೆ ಹಚ್ಚಿದ ವಿಷಯಪದಗಳನ್ನು ನೋಡಿ, ಅವನ್ನು ಸೇರಿಸಿ ಮತ್ತೆ ಹುಡುಕಿ. ಅದೇ ಪೇಪರಿನ ಉಲ್ಲೇಖಗಳಿಂದ ಹಿಂದಕ್ಕೆ ಹೋಗಬಹುದು. ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನಲ್ಲಿ, ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಿ ಮುಂದಕ್ಕೂ ಹೋಗಬಹುದು.

ಹುಡುಕಿದ ದಿನ, ಡೇಟಾಬೇಸ್, ಬಳಸಿದ ಪದಗಳ ಪೂರ್ತಿ ಸಾಲು, ಸಿಕ್ಕ ಫಲಿತಾಂಶಗಳ ಸಂಖ್ಯೆ, ಇವನ್ನು ಆಗಲೇ ಒಂದು ಫೈಲಿನಲ್ಲಿ ಬರೆದಿಡಿ. ಪ್ರಬಂಧದಲ್ಲಿ ‘ಹೇಗೆ ಹುಡುಕಿದಿರಿ’ ಎಂದು ಪರೀಕ್ಷಕರು ಕೇಳಿದಾಗ ಬೇಕಾಗುವುದು ಅದೇ.