ದುರ್ಗದಿಂದ ಹೋದವರು, ದಾವಣಗೆರೆಗೆ ಬಂದವರು

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ತೋರಿಸುವ ಮಾರ್ಗದರ್ಶಿಗಳು ಓಬವ್ವನ ಕಿಂಡಿಯ ಮುಂದೆ ಧಾರಾಳವಾಗಿ ಮಾತನಾಡುತ್ತಾರೆ. ಆದರೆ 1779ರಲ್ಲಿ ಹೈದರಾಲಿಯು ಕೋಟೆಯನ್ನು ಗೆದ್ದು ಕೊನೆಯ ಮದಕರಿ ನಾಯಕನನ್ನು ಸೆರೆಯೊಯ್ದನೆಂಬಲ್ಲಿಗೆ ಅವರ ಕಥೆ ಮುಗಿದುಬಿಡುತ್ತದೆ. ಒಯ್ದದ್ದು ನಾಯಕನೊಬ್ಬನನ್ನೇ ಅಲ್ಲ. ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರಲ್ಲಿನ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ಸೈನಿಕ ಪಡೆಗಳನ್ನು ಕಟ್ಟಲಾಯಿತೆಂದು ಹಳೆಯ ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ.

ಕೋಟೆಯೊಳಗಿನ ಏಕನಾಥೇಶ್ವರಿಯ ಗುಡಿಯ ಬಳಿ ಮೊಮ್ಮಗಳೊಡನೆ ಕುಳಿತಿದ್ದ ಹಿರಿಯರೊಬ್ಬರು ಶ್ರೀರಂಗಪಟ್ಟಣದ ಕಡೆಯಿಂದ ಮುಡಿಪು ಒಪ್ಪಿಸಲು ಬಂದಿದ್ದರು. ಮನೆಯಲ್ಲಿ ಮದುವೆಯಾದಾಗಲೆಲ್ಲ ಅರಿಸಿನದ ಬಟ್ಟೆಯಲ್ಲಿ ಒಂದಿಷ್ಟು ಕಾಸನ್ನು ಈ ದೇವಿಯ ಹೆಸರಿನಲ್ಲಿ ಕಟ್ಟಿಡುವುದು ತಮ್ಮ ಮನೆತನದ ರೂಢಿಯೆಂದೂ, ಹಿಂದಿನವರನ್ನು ಇಲ್ಲಿಂದಲೇ ನಡೆಸಿಕೊಂಡು ಹೋದರೆಂದು ತಮ್ಮ ಅಜ್ಜಿ ಹೇಳುತ್ತಿದ್ದರೆಂದೂ ಅವರು ವಿವರಿಸಿದರು. ಹಾಗಾದರೆ ನಿಮ್ಮ ಮನೆಯವರಿಗೆ ದೊರೆ ಯಾರು, ಮದಕರಿಯೋ ಟಿಪ್ಪುವೋ ಎಂದು ಕೇಳಿದೆ.

"ನಮ್ಮ ನಾಯಕರನ್ನ ಸೆರೆಯಲ್ಲಿಟ್ಟ ಊರಲ್ಲೇ ನಮ್ಮೋರು ಸುಲ್ತಾನರ ಸೈನ್ಯಕ್ಕೆ ಸೇರಿ ಅನ್ನ ಉಂಡರಂತೆ. ಯಾರನ್ನ ಬಿಟ್ಟುಕೊಡೋಣ, ನೀವೇ ಹೇಳಿ ಸ್ವಾಮಿ," ಎಂದರು. 1799ರಲ್ಲಿ ಆ ಸುಲ್ತಾನನೂ ಬಿದ್ದ ಮೇಲೆ ಹಿಂದಿರುಗಲಿಲ್ಲವೇಕೆ ಎಂದದ್ದಕ್ಕೆ, "ಅಷ್ಟೊತ್ತಿಗೆ ಗದ್ದೆ ಮಾಡಿದ್ದರು," ಎಂದಷ್ಟೇ ಉತ್ತರಿಸಿದರು.

ದುರ್ಗದ ನಾಯಕರ ಪೂರ್ವಿಕರೂ ತಿರುಪತಿಯ ಕಡೆಯಿಂದ ಬಂದವರೆಂಬ ಐತಿಹ್ಯವಿದೆ. ವಿಜಯನಗರಕ್ಕೆ ಅಧೀನರಾಗಿದ್ದ ಅವರು, 1565ರ ಯುದ್ಧದಲ್ಲಿ ಆ ಸಾಮ್ರಾಜ್ಯ ಮುರಿದ ಮೇಲೆ ಸ್ವತಂತ್ರರಾದರು. ಇಂದು ದುರ್ಗದ ಮಣ್ಣಿನ ಮಕ್ಕಳೆಂದು ನಾವು ಕೊಂಡಾಡುವವರನ್ನು ದೊರೆಗಳಾಗಿಸಿದ್ದೂ ಒಂದು ಪತನವೇ.

ಮಧ್ಯಾಹ್ನದ ಹೊತ್ತು ಚಪ್ಪಲಿ ಬಿಟ್ಟು ಕೋಟೆಯ ಹಿಡಿಂಬೇಶ್ವರನ ದರ್ಶನಕ್ಕೆ ಯಾರೂ ಹೋಗಬಾರದು; ಬಂಡೆಯ ಮೇಲೆ ಸುಟ್ಟ ನನ್ನ ಪಾದಗಳು ದಾವಣಗೆರೆ ತಲುಪಿದರೂ ಉರಿಯುತ್ತಿದ್ದವು.

ದಾವಣಗೆರೆಯಲ್ಲಿ ಬೆಣ್ಣೆದೋಸೆಯನ್ನು ಮೆಚ್ಚಿದೆ, ಅದರ ಹೆಸರಿನಲ್ಲಿ ಹೆದ್ದಾರಿಯ ಬದಿಯಲ್ಲಿ ಮಾರುವ ಎಣ್ಣೆದೋಸೆಯನ್ನಲ್ಲ. ಸಣ್ಣ ಹಳ್ಳಿಯಾಗಿದ್ದ ಈ ಊರನ್ನು ಅಪ್ಪೋಜಿರಾವ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟವನೂ ಹೈದರಾಲಿಯೇ. ಆ ಸರದಾರನು ವರ್ತಕರನ್ನು ಕರೆದು ನೆಲೆಗೊಳಿಸಿ ಪೇಟೆಯನ್ನು ಬೆಳೆಸಿದನು. ದುರ್ಗವನ್ನು ಬರಿದು ಮಾಡಿದ ಕೈಯೇ ಇಲ್ಲಿ ಊರು ತುಂಬಿಸಲು ನೆರವಾಗಿತ್ತು. ಮಂಡಿಪೇಟೆಯ ವ್ಯಾಪಾರಿಯೊಬ್ಬರನ್ನು ನಿಮ್ಮ ಮೂಲ ಊರು ಯಾವುದೆಂದು ಕೇಳಿದಾಗ, ಅವರು ತಕ್ಕಡಿಯಿಂದ ಕಣ್ಣೆತ್ತದೆ, "ಇದೇ ಊರು, ಮತ್ಯಾವುದು?" ಎಂದರು.