ಖಾಸಗಿ ಲ್ಯಾಬಿನ ಡೆಂಗಿ ಪಟ್ಟಿ: ಮೊದಲು ವಿಳಾಸ ನೋಡಿ

ಮೈಸೂರಿನ ಖಾಸಗಿ ಲ್ಯಾಬುಗಳು ಆರೋಗ್ಯ ಇಲಾಖೆಗೆ ಕಳಿಸುವ ಡೆಂಗಿ ಪಟ್ಟಿಯಲ್ಲಿ ಹೆಸರು, ವಯಸ್ಸು, ಫಲಿತಾಂಶ ಸಾಮಾನ್ಯವಾಗಿ ಸರಿಯಾಗಿರುತ್ತವೆ. ವಿಳಾಸದ ಕಾಲಂನಲ್ಲಿ ಮಾತ್ರ ಬರೀ ‘ಮೈಸೂರು’. ಶ್ರೀರಂಗಪಟ್ಟಣ, ಪಾಂಡವಪುರ, ನಂಜನಗೂಡು, ಗುಂಡ್ಲುಪೇಟೆ ಕಡೆಯವರೂ ತಪಾಸಣೆಗೆ ಇಲ್ಲಿಗೇ ಬರುತ್ತಾರೆ. ಲ್ಯಾಬ್ ಇರುವ ಬಡಾವಣೆಯನ್ನೇ ರೋಗದ ಊರೆಂದು ಹಿಡಿದರೆ ಸರಸ್ವತಿಪುರಂನಲ್ಲಿ ಫಾಗಿಂಗ್ ನಡೆಯುತ್ತದೆ, ಪಾಂಡವಪುರದ ಹಳ್ಳಿಯ ಡ್ರಮ್ಮಿನಲ್ಲಿ ಲಾರ್ವಾ ಬೆಳೆಯುತ್ತಲೇ ಇರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಹೆಚ್ಚೆಂದರೆ 400 ಮೀಟರ್ ಹಾರೀತು. ಹಾಗಾಗಿ ತಾಲ್ಲೂಕಿನ ಹೆಸರೂ ಸಾಲದು, ಬೀದಿಯೇ ಬೇಕು.

ರಕ್ತ ತೆಗೆಯುವಾಗಲೇ ನಾಲ್ಕು ಸಂಗತಿ ಕೇಳಿ ಬರೆಸಬೇಕು: ಈಗ ವಾಸವಿರುವ ಬೀದಿ ಅಥವಾ ಹಳ್ಳಿ, ಮೊಬೈಲ್ ಸಂಖ್ಯೆ, ಜ್ವರ ಶುರುವಾದ ದಿನ, ಕಳೆದ ಎರಡು ವಾರ ಹಗಲು ಹೊತ್ತು ಎಲ್ಲಿದ್ದರು. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಕೆಲಸಕ್ಕೆ ಬರುವವರಿಗೆ ಸೋಂಕು ಮನೆಯಲ್ಲೇ ತಗುಲಿತೆಂದು ಹೇಳಲಾಗದು. ಆಧಾರ್ ಕಾರ್ಡಿನ ವಿಳಾಸವನ್ನು ನಕಲು ಮಾಡಿಕೊಂಡರೆ ಹಾಸ್ಟೆಲ್ ಹುಡುಗರೆಲ್ಲ ಅವರವರ ಊರಿನ ಲೆಕ್ಕಕ್ಕೆ ಹೋಗಿಬಿಡುತ್ತಾರೆ.

ಜ್ವರ ಶುರುವಾದ ದಿನವನ್ನು ಯಾಕೆ ಇಷ್ಟು ಒತ್ತಿ ಕೇಳಬೇಕು? ಸೊಳ್ಳೆ ಕಚ್ಚಿ ಜ್ವರ ಬರಲು 4ರಿಂದ 10 ದಿನ ಹಿಡಿಯುತ್ತದೆ. ರಕ್ತದಲ್ಲಿ ಎನ್‌ಎಸ್‌1 (ವೈರಸ್ಸಿನದೇ ಪ್ರೋಟೀನು) ಜ್ವರದ ಮೊದಲ ಐದು ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ಐಜಿಎಂ (ದೇಹ ತಯಾರಿಸುವ ಪ್ರತಿಕಾಯ) ಆಮೇಲೆ. ಐಜಿಎಂ ಪಾಸಿಟಿವ್ ಬರುವಷ್ಟರಲ್ಲಿ ಸೋಂಕು ತಗುಲಿ ಎರಡು ವಾರವೇ ಆಗಿರಬಹುದು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಪಟ್ಟಿ ಕಳಿಸುವ ಪದ್ಧತಿಯಲ್ಲಿ ಆಶಾ ಕಾರ್ಯಕರ್ತೆ ಸಂಪು ನೋಡಲು ಹೋಗುವ ಹೊತ್ತಿಗೆ ಮುಂದಿನ ಪೀಳಿಗೆ ಹಾರಿಹೋಗಿರುತ್ತದೆ. ಪಟ್ಟಿ ದಿನವೂ ಬರಬೇಕು. ಸಂಜೆ ಐದರೊಳಗೆ ಬಂದರೆ ಮಾರನೆಯ ಬೆಳಿಗ್ಗೆಯೇ ಮನೆ ತಲುಪಬಹುದು.

ಸ್ಥಳದಲ್ಲೇ ಬೇಗ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದದ್ದನ್ನು ಡೆಂಗಿ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಖಚಿತ ಪ್ರಕರಣವೆಂದು ಒಪ್ಪುವುದಿಲ್ಲ, ಲ್ಯಾಬಿನ ಯಂತ್ರದಲ್ಲಿ ಮಾಡುವ ಎಲಿಸಾ ಪರೀಕ್ಷೆ ಬೇಕು. ಆ ಕಾರಣಕ್ಕೆ ಕಾರ್ಡ್ ಫಲಿತಾಂಶವನ್ನು ಪಟ್ಟಿಯಿಂದಲೇ ಕಿತ್ತುಹಾಕುವುದು ದೊಡ್ಡ ತಪ್ಪು. ಅಂಕಿಅಂಶಕ್ಕೆ ಎಲಿಸಾ, ಲಾರ್ವಾ ಹುಡುಕಲು ಎರಡೂ. ಯಾವ ಬಗೆಯ ಪರೀಕ್ಷೆ ಎಂಬುದಕ್ಕೆ ಬೇರೆ ಕಾಲಂ ಇಟ್ಟರೆ ಗೊಂದಲವೇ ಇಲ್ಲ.

ಇನ್ನು ಮೋಸಹೋಗುವುದು ಇಳಿಕೆಯ ಗ್ರಾಫಿನಲ್ಲಿ. ಉದಾಹರಣೆಗೆ ಕಳೆದ ವಾರ 25 ಲ್ಯಾಬುಗಳಿಂದ 50 ಪಾಸಿಟಿವ್, ಈ ವಾರ 18 ಲ್ಯಾಬುಗಳಿಂದ 36. ಕಾಯಿಲೆ ಇಳಿದಿಲ್ಲ, ಏಳು ಲ್ಯಾಬುಗಳು ಸುಮ್ಮನಾಗಿವೆ. ಪ್ರಕರಣವಿಲ್ಲದ ದಿನ ‘ಸೊನ್ನೆ’ ಎಂದೇ ಬರೆಸಬೇಕು, ಒಟ್ಟು ಎಷ್ಟು ಪರೀಕ್ಷೆ ಮಾಡಿದರೆಂಬುದನ್ನೂ ಕೇಳಬೇಕು. ಯಾರ‍್ಯಾರು ಕಳಿಸಬೇಕೆಂದು ತಿಳಿಯಲು 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಾಯಿಸಿದವರ ಪಟ್ಟಿಯಿದೆ. ಮುಚ್ಚಿಹೋದವು ಅದರಲ್ಲಿ ಉಳಿದಿರಬಹುದಾದ್ದರಿಂದ ಒಮ್ಮೆ ಬೀದಿ ಸುತ್ತಿ ತಾಳೆ ನೋಡಲೇಬೇಕು.

ಒಬ್ಬರೇ ರೋಗಿ ಕ್ಲಿನಿಕ್, ಲ್ಯಾಬ್, ಆಸ್ಪತ್ರೆ ಮೂರರ ಪಟ್ಟಿಯಲ್ಲೂ ಬರುತ್ತಾರೆ. ಹೆಸರಿನಿಂದ ಹೊಂದಿಸಲಾಗದು; ‘ಶಿವಣ್ಣ’ನನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಬರೀ ಮೊಬೈಲ್ ಸಂಖ್ಯೆಯಿಂದ ಹೊಂದಿಸಿದರೆ ತಾಯಿ, ಇಬ್ಬರು ಮಕ್ಕಳು ಒಬ್ಬರೇ ಆಗಿಬಿಡುತ್ತಾರೆ. ಸಂಖ್ಯೆ, ವಯಸ್ಸು, ಲಿಂಗ ಮೂರೂ ಕೂಡಿದರೆ ಮಾತ್ರ ಒಂದೇ ಎಂದು ಎಣಿಸಬೇಕು.

ನೋಟಿಸಿನ ಹೆದರಿಕೆಗೆ ಬರುವ ಮಾಹಿತಿ ಹೆಚ್ಚು ದಿನ ಬರುವುದಿಲ್ಲ. ಕ್ಷಯದ ಮಾಹಿತಿ ಕೊಟ್ಟ ಖಾಸಗಿ ವೈದ್ಯರಿಗೆ ಪ್ರೋತ್ಸಾಹಧನವಾದರೂ ಉಂಟು, ಡೆಂಗಿಗೆ ಅದೂ ಇಲ್ಲ. ಮಾಹಿತಿ ಕೊಟ್ಟವರಿಗೆ ಅವರ ಕೆಲಸಕ್ಕೆ ಬರುವಂಥದ್ದು ಏನಾದರೂ ಹಿಂತಿರುಗಬೇಕು. ಪ್ರತಿ ಶನಿವಾರ ಒಂದೇ ಪುಟ: ವಾರ್ಡುವಾರು ಪ್ರಕರಣ, ಲಾರ್ವಾ ಸಿಕ್ಕ ಬೀದಿಗಳು. ಆ ಪುಟದಲ್ಲಿ ರೋಗಿಯ ಹೆಸರಾಗಲಿ ಮೊಬೈಲ್ ಸಂಖ್ಯೆಯಾಗಲಿ ಇರಕೂಡದು. ಅವು ಮನೆಗೆ ಹೋಗುವ ಕಾರ್ಯಕರ್ತೆಗೆ ಮಾತ್ರ, ಅದೂ ಆಕೆಯ ಬೀದಿಯದ್ದಷ್ಟೇ. ಇಡೀ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಇವತ್ತೇ ನಿಲ್ಲಬೇಕು.