ಸೋಲಾರ್ ಬಂದು ನಿಮ್ಮೂರು ಉದ್ಧಾರ ಆಯ್ತಲ್ವಾ?

ನಮ್ಮದು ಪಾವಗಡ ತಾಲ್ಲೂಕು ಅಂದ ಕೂಡಲೇ ಬೆಂಗಳೂರಿನಲ್ಲಿ ಹತ್ತರಲ್ಲಿ ಎಂಟು ಜನ ಕೇಳುವುದು ಇದನ್ನೇ: ‘ಸೋಲಾರ್ ಬಂದು ನಿಮ್ಮೂರು ಉದ್ಧಾರ ಆಯ್ತಲ್ವಾ?’ ಮೊದಲೆಲ್ಲ ‘ಹೂಂ, ಪರವಾಗಿಲ್ಲ’ ಅಂತ ಹೇಳಿ ಮಾತು ತಿರುಗಿಸುತ್ತಿದ್ದೆ. ಮದುವೆ ಊಟಕ್ಕೆ ಕೂತಾಗ, ಪಲ್ಯ ಬಡಿಸುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಅಂತ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ನಾಲ್ಕು ಎಕರೆಯೂ ಆ ಸೋಲಾರ್ ಪಾರ್ಕಿನೊಳಗಿದೆ. ಅದರ ಬಾಡಿಗೆ ನಮಗೆ ಬರುತ್ತೆ. ಸೋಲಾರ್ ದುಡ್ಡು ತಿಂದವನೇ ಈ ಮಾತು ಹೇಳುತ್ತಿರುವುದು.

ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆ ತುಂಬಾ ಪ್ಯಾನೆಲ್. 2018ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು, 2019ರ ಕೊನೆಗೆ ಕೆಲಸ ಮುಗಿಯಿತು. ಒಟ್ಟು 2,050 ಮೆಗಾವಾಟ್. ಇದಕ್ಕೆ ‘ಶಕ್ತಿ ಸ್ಥಳ’ ಅಂತ ಹೆಸರು. ಅತ್ತ ರಾಯಚೂರಿನಲ್ಲಿ ಕಲ್ಲಿದ್ದಲು ಸುಡುವ ಸ್ಥಾವರ ಇರುವುದು ಶಕ್ತಿನಗರದಲ್ಲಿ. ಹೆಸರಿಡುವವರಿಗೆ ಬೇರೆ ಪದ ಹೊಳೆಯಲಿಲ್ಲ ಅಂತ ಕಾಣುತ್ತೆ. ಅಲ್ಲಿ ಬೂದಿ ಏಳುತ್ತೆ, ನಮ್ಮಲ್ಲಿ ಏಳಲ್ಲ. ಅಷ್ಟರ ಮಟ್ಟಿಗೆ ನಾನು ನಮ್ಮೂರಿನ ಕಡೆ.

ಇಲ್ಲಿ ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಜಾಸ್ತಿ. ಜಮೀನು ನಮ್ಮ ಹೆಸರಿನಲ್ಲೇ ಇರುತ್ತೆ. ಸಹಿ ಹಾಕುವಾಗ ನಮ್ಮಪ್ಪ ಎರಡನೇ ಸಲ ಯೋಚಿಸಲಿಲ್ಲ. ಯೋಚಿಸುವಂಥದ್ದೇನಿತ್ತು? ಮಳೆ ಕೈಕೊಟ್ಟ ವರ್ಷ ಬಿತ್ತಿದ ಕಡ್ಲೆಕಾಯಿಯ ಬೀಜದ ದುಡ್ಡೂ ಹುಟ್ಟುತ್ತಿರಲಿಲ್ಲ. ಬೋರ್ ಕೊರೆಸಿ ಕೊರೆಸಿ ಸಾಲ ಮಾಡಿಕೊಂಡವರು ಬೀದಿಗೊಬ್ಬರಿದ್ದರು. ಹೊರಗಿನಿಂದ ಬಂದು ‘ಅಯ್ಯೋ, ಅನ್ನ ಕೊಡೋ ಭೂಮಿ’ ಅಂತ ಮರುಗುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಅಂದರೆ ಉದ್ಧಾರ ಆಯಿತು. ಪಹಣಿ ಇದ್ದವರದ್ದು. ಅದೂ ಪಹಣಿಯಲ್ಲಿ ಎಷ್ಟಿದೆಯೋ ಅಷ್ಟು. ಮೊದಲ ವರ್ಷದ ಲೆಕ್ಕದಲ್ಲಿ ಎರಡು ಎಕರೆಯವನಿಗೆ 42,000, ನಲವತ್ತು ಎಕರೆಯವನಿಗೆ 8,40,000. ಪಹಣಿಯೇ ಇಲ್ಲದವರ ಹೆಸರಿಗೆ ಸೊನ್ನೆ.

ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಒಬ್ಬ ಅಕ್ಕ ಇದ್ದಾರೆ. ಕಡ್ಲೆಕಾಯಿ ಕಿತ್ತು, ಬಿಡಿಸಿ, ಬಳ್ಳಿ ಬಣವೆಗೆ ಹೋದ ಮೇಲೂ ಅವರ ಕೆಲಸ ಮುಗಿಯುತ್ತಿರಲಿಲ್ಲ. ಸಣ್ಣ ಗುದ್ದಲಿ ಹಿಡಿದು ಮಣ್ಣು ಕೆದಕಿ, ಒಳಗೆ ಉಳಿದ ಕಾಯಿ ಆಯುತ್ತಿದ್ದರು. ಹಕ್ಕಲು ಅಂತಾರೆ ಇದನ್ನು. ಹಕ್ಕಲು ಆಯುವವರನ್ನು ಬೇಡ ಅನ್ನಬಾರದು ಅನ್ನುವುದು ನಮ್ಮಜ್ಜಿಯ ಕಾನೂನು. ದಿನಕ್ಕೆ ಮಡಿಲು ತುಂಬ ಕಾಯಿ. ಮನೆಗೆ ಬೇಕಾದ ಎಣ್ಣೆ, ಚಟ್ನಿಪುಡಿ ಎಲ್ಲ ಅದರಲ್ಲೇ. ಬದುವಿನ ಹುಲ್ಲು ಅವರ ಎರಡು ಮೇಕೆಗೆ. ಜಮೀನು ಗುತ್ತಿಗೆಗೆ ಹೋದಾಗ ಕೂಲಿ ಹೋಯಿತು, ಹಕ್ಕಲು ಹೋಯಿತು, ಬದುವೂ ಹೋಯಿತು. ನಮ್ಮಪ್ಪ ಸಹಿ ಹಾಕಿದ ಕಾಗದದಲ್ಲಿ ಈ ಮೂರಕ್ಕೂ ಜಾಗವೇ ಇರಲಿಲ್ಲ.

ಪಾರ್ಕಿನಲ್ಲಿ ಕೆಲಸ ಇಲ್ಲವಾ ಅಂದರೆ ಇದೆ. ಪ್ಯಾನೆಲ್ ತೊಳೆಯುವುದು, ಹುಲ್ಲು ಕೀಳುವುದು, ಕಾವಲು ಕಾಯುವುದು. ಆದರೆ ಅಷ್ಟು ಎಕರೆಯ ಕಳೆ, ಕೊಯ್ಲು, ಬಿಡಿಸುವ ಕೆಲಸಕ್ಕೆ ಬೇಕಾಗುತ್ತಿದ್ದ ಕೈಗಳೆಷ್ಟು, ಇದಕ್ಕೆ ಬೇಕಾದ ಕೈಗಳೆಷ್ಟು? ಇನ್ನು ಕುರಿಯವರ ಪಾಡು. ಸುಗ್ಗಿ ಮುಗಿದ ಹೊಲದಲ್ಲಿ ಮೇಯುತ್ತಿದ್ದ ಮಂದೆ ಈಗ ಬೇಲಿಯ ಆಚೆ ನಿಂತು ಒಳಗಿನ ಹಸಿರು ನೋಡಬೇಕು. ಹೊರದೇಶಗಳಲ್ಲಿ ಪ್ಯಾನೆಲ್ ಕೆಳಗೆ ಹುಲ್ಲು ಬೆಳೆಯದಿರಲಿ ಅಂತಲೇ ಕುರಿ ಬಿಡುತ್ತಾರೆ. ನಮ್ಮಲ್ಲಿ ಕುರಿಯನ್ನು ಹೊರಗಟ್ಟಿ, ಹುಲ್ಲು ಕೀಳಲು ಕೂಲಿ ಕೊಡುತ್ತೇವೆ.

ಇದು ಯಾರದೋ ಕೆಟ್ಟ ಮನಸ್ಸಿನಿಂದ ಆಗಿದ್ದಲ್ಲ. ಕಾನೂನಿನ ಸಂದಿಯಲ್ಲಿ ಆಗಿದ್ದು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ‘ಬಾಧಿತ ಕುಟುಂಬ’ ಅಂದರೆ ಜಮೀನಿನ ಮಾಲೀಕರು ಮಾತ್ರ ಅಲ್ಲ. ಮೂರು ವರ್ಷದಿಂದ ಆ ನೆಲ ನಂಬಿ ಬದುಕಿದ ಕೃಷಿ ಕೂಲಿಯವರೂ, ಗೇಣಿದಾರರೂ ಅದರಲ್ಲಿ ಬರುತ್ತಾರೆ. ಆದರೆ ನಮ್ಮದು ಸ್ವಾಧೀನ ಅಲ್ಲ, ಗುತ್ತಿಗೆ. ಹಾಗಾಗಿ ಆ ಕಾಯ್ದೆ ಇತ್ತ ಬರಲೇ ಇಲ್ಲ. ಕಲ್ಲಿದ್ದಲು ಸ್ಥಾವರ ಕಟ್ಟಬೇಕಾದರೆ ಪರಿಸರ ಪರಿಣಾಮದ ಅಧ್ಯಯನ, ಜನರ ಅಹವಾಲು ಸಭೆ ಎಲ್ಲ ಬೇಕು. ಇಂಥ ಸೋಲಾರ್ ಪಾರ್ಕಿಗೆ ಅದರಿಂದ ವಿನಾಯಿತಿ. ಹೊಗೆ ಇಲ್ಲ ಅಂದ ಮೇಲೆ ಅಹವಾಲೂ ಇರಲ್ಲ ಅಂತ ಲೆಕ್ಕ ಹಾಕಿದರೇನೋ.

ಇಷ್ಟು ಹೇಳಿದ ಮೇಲೆ ಬರುವ ಎರಡನೇ ಪ್ರಶ್ನೆ: ‘ಹಾಗಾದ್ರೆ ಸೋಲಾರ್ ಬೇಡ್ವಾ?’ ಬೇಕು ಮಾರಾಯ್ರೇ. ಬಿಸಿಲು ಏರಿದಷ್ಟೂ, ಮಳೆ ತಪ್ಪಿದಷ್ಟೂ ಮೊದಲು ಸಾಯುವುದು ಆ ಅಕ್ಕನಂಥವರೇ. ಎ.ಸಿ. ಇರುವವರಲ್ಲ. ಸೋಲಾರ್ ಬೇಕಿರುವುದು ಅವರಿಗೇ ಜಾಸ್ತಿ. ಅದರ ಬೆಲೆಯನ್ನೂ ಅವರೇ ಕಟ್ಟಬೇಕಾ ಅನ್ನುವುದು ನನ್ನ ತಕರಾರು.

‘ನಾವೇನು ಮಾಡೋಕಾಗುತ್ತೆ’ ಅಂತ ನಗರದವರು ಕೈಚೆಲ್ಲುವುದನ್ನು ನಾನು ಒಪ್ಪಲ್ಲ. ಮನೆಯಲ್ಲಿ ಬಲ್ಬ್ ಆರಿಸಿ, ಒಳ್ಳೇದೇ. ಆದರೆ ಜಮೀನಿಲ್ಲದವರಿಗೂ ಬಾಡಿಗೆಯಲ್ಲಿ ಪಾಲಿಡಿ, ಪಾರ್ಕಿನ ಕೆಲಸಕ್ಕೆ ಅವರನ್ನೇ ಮೊದಲು ಕರೆಯಿರಿ, ಕುರಿಗೆ ದಾರಿ ಬಿಡಿ ಅಂತ ನಮ್ಮ ಊರಿನವರಷ್ಟೇ ಕೇಳಿದರೆ ಅದು ಒಂದು ಹೋಬಳಿಯ ಗಲಾಟೆ. ಆ ಕರೆಂಟು ಉರಿಸುವವರೂ ಶಾಸಕರನ್ನು ನಿಲ್ಲಿಸಿ ಕೇಳಿದರೆ ವಿಧಾನಸೌಧದಲ್ಲಿ ಫೈಲ್ ಏಳುತ್ತೆ.

ಹೋದ ವರ್ಷ ನಮ್ಮ ನೆಂಟರ ಊರಿನಲ್ಲೂ ಗುತ್ತಿಗೆಯ ಮಾತು ಶುರುವಾಯಿತು. ಒಪ್ಪಂದಕ್ಕೆ ಮೊದಲೇ ಗ್ರಾಮಸಭೆ ಕರೆಸಿ, ಪಹಣಿ ಇಲ್ಲದವರ ಪಟ್ಟಿ ಮಾಡೋಣ ಅಂತ ನಾಲ್ಕೈದು ಜನ ಕೂತೆವು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೆಸರು, ಕೂಲಿಯ ದಿನ, ಕುರಿ ಮೇಕೆ ಎಷ್ಟು ಅಂತ ಕಾಲಂ ಮಾಡಿದ್ದೆ. ನಮ್ಮ ಅಕ್ಕನೂ ಜೊತೆಗೆ ಬಂದಿದ್ದರು, ಅವರ ತಂಗಿಯನ್ನು ಮದುವೆ ಮಾಡಿಕೊಟ್ಟ ಊರು ಅದು. ಬರೆದಿದ್ದನ್ನು ಓದಿಸಿಕೊಂಡು ಕೇಳಿದರು: ‘ಹಕ್ಕಲು ಎಲ್ಲಿ ಬರ್ಕೊಂಡೆ ಅಣ್ಣಯ್ಯ?’

ಪುಟದಲ್ಲಿ ಜಾಗ ಇರಲಿಲ್ಲ. ಪಕ್ಕದ ಅಂಚಿನಲ್ಲಿ ಇನ್ನೊಂದು ಗೆರೆ ಎಳೆದೆ.